ಮಣ್ಣಿಗೆ ಹಾಕದ ರಾಡು

ಸ್ಟೀಲ್ ಗಿಟಾರ್ ಕಲಿಯಲು ಹೋಗುತ್ತೇನೆ ಎಂದಾಗ ನನ್ನ ಹೆಂಡತಿ "ಮನೆಯಾಗೆ ಮಿಕ್ಸಿ ಮೂರು ತಿಂಗಳಿಂದ ಕೆಟ್ಟು ಕುಂತೈತೆ. ಮೊದ್ಲು ಅದನ್ನ ನೋಡ್ರಿ, ಆಮ್ಯಾಲೆ ಗಿಟಾರು" ಅಂದಳು. ನನಗಾಗ ಮೂವತ್ತೇಳು ವರ್ಷ. ದಾವಣಗೆರೆಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಾನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳು ಹೇಳುತ್ತಾರೆ, ಸುಳ್ಳೇನಲ್ಲ. ಆದರೆ ಮೆಷಿನ್ ತುಳಿದ ಸದ್ದು ಕೇಳಿಯೇ ಯಾವ ಪಾರ್ಟ್ ಹೋಗಿದೆ ಎಂದು ಹೇಳಬಲ್ಲೆ ಎನ್ನುವ ಸೊಕ್ಕು ನನಗಿತ್ತು. ಈ ಕಥೆಯಲ್ಲಿ ಆದ ಅನಾಹುತಕ್ಕೆಲ್ಲ ಆ ಸೊಕ್ಕೇ ಕಾರಣ.

ಗಿಟಾರಿನ ಹುಚ್ಚು ಹತ್ತಿದ್ದು ಹರಿಹರದಲ್ಲಿ. ಮನೆಯಲ್ಲೇ ರವಿಕೆ ಹೊಲಿಯುವ ಒಬ್ಬ ಹೆಂಗಸು ಮೆಷಿನ್ ದಾರ ಕಡಿಯುತ್ತಿದೆ ಎಂದು ಹೇಳಿಕಳಿಸಿದ್ದರು. ಅವರ ನಡುಮನೆಯಲ್ಲಿ ಮೆಷಿನ್ ಮಗುಚಿ ಹಾಕಿಕೊಂಡು ಕೂತಿದ್ದೆ. ಹಿತ್ತಲಿನಿಂದ ಯಾರೋ ಕರೆದರು. ಮಾತು ಕೇಳಿಸಲಿಲ್ಲ, ಬರೀ ದನಿ. ಬಾಗಿಲ ಹೊರಗೆ ನಿಂತವರು ಮೊದಲು ಗಂಟಲು ಸರಿಮಾಡಿಕೊಂಡು, ಆಮೇಲೆ ತುಸು ಏರಿಸಿ ಕರೆದ ಹಾಗೆ. ಆಕೆ ಕತ್ತರಿ ಕೆಳಗಿಟ್ಟು, "ಬಂದೆ, ತಡೀರಿ" ಎಂದು ಎದ್ದುಹೋದರು. ನಾನು ಬಗ್ಗಿ ನೋಡಿದೆ. ಹಿತ್ತಲ ಕಟ್ಟೆಯ ಮೇಲೆ ಹಣೆ ತುಂಬ ವಿಭೂತಿ ಹಚ್ಚಿಕೊಂಡ ಹಿರಿಯರೊಬ್ಬರು ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಬಾಯಿ ಮುಚ್ಚಿ ಕೂತಿದ್ದರು. ಕರೆದದ್ದು ಆ ಗಿಟಾರು.

ನಮ್ಮ ಕಡೆ ಹಳೆಯ ಕಾಲದ ಗಂಡಸರು ಹೆಂಡತಿಯ ಹೆಸರು ಹಿಡಿದು ಕೂಗುವುದಿಲ್ಲ. 'ಏನೇ' ಎನ್ನುತ್ತಾರೆ, 'ಇಲ್ಲಿ ಬಾ' ಎನ್ನುತ್ತಾರೆ, ಇಲ್ಲವೇ ಮಗಳ ಹೆಸರು ಕೂಗಿ ತಾಯಿಯನ್ನು ಕರೆಸಿಕೊಳ್ಳುತ್ತಾರೆ. ಇವರು ಗಾಂಧಾರದಿಂದ ಪಂಚಮಕ್ಕೆ ಒಂದು ಎಳೆತ ಎಳೆದು ಕರೆಯುತ್ತಿದ್ದರು. ಚಹಾ ಬೇಕಾದರೂ ಅದೇ, ಕನ್ನಡಕ ಕಾಣದಿದ್ದರೂ ಅದೇ. ಮದುವೆಯಾದ ಹೊಸದರಲ್ಲಿ ಮನೆ ತುಂಬ ಜನ, ಕರೆಯಲು ನಾಚಿಕೆಯಾಗಿ ಹೀಗೆ ಶುರು ಮಾಡಿದರಂತೆ, ಹಾಗೇ ಉಳಿದುಬಿಟ್ಟಿತು.

ಮೆಷಿನ್ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಹೋಗಿ, ನನಗೂ ಕಲಿಸಿ ಎಂದು ಕೇಳಿದೆ.

"ಕಿವಿ ಐತೇನು?" ಅಂದರು.

"ಸದ್ದು ಕೇಳಿ ಮೆಷಿನ್ ರಿಪೇರಿ ಮಾಡ್ತೀನ್ರಿ."

"ಅದು ಬ್ಯಾರೆ ಕಿವಿ. ಇರ್ಲಿ, ಭಾನುವಾರ ಬಾ."

ಅವತ್ತಿನಿಂದ ಅವರು ನನಗೆ ಮೇಷ್ಟ್ರು, ಅವರ ಹೆಂಡತಿ ಅಮ್ಮ. ಮೇಷ್ಟ್ರು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಒಬ್ಬಳೇ ಮಗಳು, ಅದೇ ಬೀದಿಯಲ್ಲಿ ಸಂಸಾರ ಮಾಡಿಕೊಂಡಿದ್ದಳು. ಎಂಟು ವರ್ಷ, ಹಬ್ಬ ಹುಣ್ಣಿಮೆ ಬಿಟ್ಟು ಪ್ರತಿ ಭಾನುವಾರ, ಗಿಟಾರಿಗೆ ಹಳೆಯ ಚಾದರ ಸುತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ. ದಾರಿಯಲ್ಲಿ ಸಿಗುವ ಬಾತಿ ಊರು ದಾಟುವಷ್ಟರಲ್ಲಿ ಯಾರಾದರೊಬ್ಬರು ಒಳಗೆ ಏನಿದೆ ಎಂದು ಕೇಳಿಯೇ ಕೇಳುತ್ತಿದ್ದರು. ಒಂದು ಸಲ ಒಬ್ಬ ಹೆಂಗಸಿಗೆ ಕೂಸು ಅಂದೆ, ಆಕೆ ಹೌದೆಂದು ನಂಬಿ ಜಾಗ ಬಿಟ್ಟುಕೊಟ್ಟಳು.

ಮೊದಲ ಆರು ತಿಂಗಳು ಒಂದೇ ತಂತಿ. ಬಲಗೈಯ ಹೆಬ್ಬೆರಳಿಗೂ ಎರಡು ಬೆರಳಿಗೂ ತಗಡಿನ ಉಗುರು ತೊಡಿಸಿ ಮೀಟಬೇಕು, ಎಡಗೈಯಲ್ಲಿ ಬೆರಳುದ್ದದ ಉಕ್ಕಿನ ರಾಡು ಹಿಡಿದು ತಂತಿಯ ಮೇಲೆ ಜಾರಿಸಬೇಕು. ಒತ್ತಿದರೆ ತಂತಿ ಕಿರುಗುಟ್ಟುತ್ತದೆ, ತೇಲಿಸಿದರೆ ಗರಗರ ಎನ್ನುತ್ತದೆ. ಕೂದಲೆಳೆಯಷ್ಟು ಆಚೆ ಈಚೆಯಾದರೆ ಸ್ವರ ಸತ್ತುಹೋಯಿತು. "ಗೆರೆ ಮ್ಯಾಲೆ ನಿಲ್ಲೋ. ಬಸ್ ಸ್ಟಾಂಡ್ ದಾಟಿ ನಿಲ್ಲೋ ಬಸ್ಸಾಗ್ಬ್ಯಾಡ" ಎಂದು ಮೇಷ್ಟ್ರು ಗದರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಎರಡು ಸಲ ಗಿಟಾರು ಅಲ್ಲೇ ಬಿಟ್ಟು ಬಸ್ಸು ಹತ್ತಿದ್ದೂ ಇದೆ. ಮುಂದಿನ ಭಾನುವಾರ ಏನೂ ಆಗದವನಂತೆ ಹೋಗಿ ಕೂರುತ್ತಿದ್ದೆ. ಅಮ್ಮ ಮಂಡಕ್ಕಿ ತಟ್ಟೆ ತಂದಿಟ್ಟು, "ಸಿಟ್ಟು ಇಳೀತೇನಪ್ಪಾ ಸಾಹುಕಾರ್ರೆ?" ಎಂದು ನಗುತ್ತಿದ್ದರು. ನನ್ನ ಮನೆಯಲ್ಲಂತೂ ಅಭ್ಯಾಸಕ್ಕೆ ತಾರಸಿಯೇ ಗತಿ. ಕೆಳಗೆ ಕೂತರೆ ಹೆಂಡತಿ ಟೀವಿ ಜೋರು ಮಾಡುತ್ತಿದ್ದಳು.

ಐದನೇ ವರ್ಷಕ್ಕೆ ನಾನು ನುಡಿಸಿದ್ದು ಯಾವ ಹಾಡು ಎಂದು ಪಕ್ಕದ ಮನೆಯವರಿಗೆ ಗೊತ್ತಾಗತೊಡಗಿತು. ಏಳನೇ ವರ್ಷಕ್ಕೆ ಒಂದೆರಡು ಮದುವೆಯಲ್ಲಿ ನುಡಿಸಿದೆ. ಆದರೆ ಆ ಕರೆ ಮಾತ್ರ ಬರಲಿಲ್ಲ. ಗಾಂಧಾರ ಬರುತ್ತಿತ್ತು, ಪಂಚಮ ಬರುತ್ತಿತ್ತು, ನಡುವೆ ಯಾರೂ ಇರುತ್ತಿರಲಿಲ್ಲ. ಮೇಷ್ಟ್ರು ಸ್ನಾನಕ್ಕೋ ಅಂಗಡಿಗೋ ಹೋದಾಗ ಹಿತ್ತಲಲ್ಲಿ ಕೂತು ಅದನ್ನೇ ಎಳೆಯುತ್ತಿದ್ದೆ, ಅಮ್ಮ ಒಂದು ಸಲವಾದರೂ ಮೋಸ ಹೋಗಿ ಎದ್ದು ಬರಲಿ ಎಂದು. ಒಳಗಿನಿಂದ ಮೆಷಿನ್ ಸದ್ದು ನಿಲ್ಲುತ್ತಲೇ ಇರಲಿಲ್ಲ. ಯೂಟ್ಯೂಬಿನಲ್ಲಿ ಎಲ್ಲೆಲ್ಲಿಯವರೋ ನುಡಿಸುವುದನ್ನು ನೂರು ಸಲ ನೋಡಿದೆ. ಅಲ್ಲೂ ಅದು ಸಿಗಲಿಲ್ಲ. ನಾನು ಕಲಿಯಲು ಬಂದದ್ದೇ ಅದೊಂದಕ್ಕೆ, ಉಳಿದ ಹಾಡುಗಳೆಲ್ಲ ದಾರಿಯಲ್ಲಿ ಸಿಕ್ಕವು.

ಮೆಷಿನ್ ಸದ್ದು ಸರಿಯಿಲ್ಲದಿದ್ದರೆ ನಮ್ಮ ಕಸುಬಿನವರು ಮೊದಲು ಮಾಡುವುದು ಪಾರ್ಟ್ ಬದಲಿಸುವುದು. ನನಗೆ ಹೊಳೆದದ್ದೂ ಅದೇ. ಮೇಷ್ಟ್ರ ರಾಡು ಅವರೇ ಕಾರ್ಖಾನೆಯ ಲೇತಿನಲ್ಲಿ, ಬಿಸಾಕಿದ ಶಾಫ್ಟಿನ ತುಂಡಿನಿಂದ ಕೊರೆದು ಮಾಡಿಕೊಂಡದ್ದು. ನಲವತ್ತು ವರ್ಷ ಹಿಡಿದು ಹಿಡಿದು ಒಂದು ಮಗ್ಗುಲು ಸವೆದಿತ್ತು. ದನಿ ಆ ಉಕ್ಕಿನಲ್ಲೇ ಇದೆ ಎಂದು ನನಗೆ ಖಾತ್ರಿಯಾಯಿತು. ಅಳತೆ ತೆಗೆದುಕೊಂಡು ದಾವಣಗೆರೆಯ ಲೇತ್ ಅಂಗಡಿಯಲ್ಲಿ ಅಂಥದ್ದೇ ಮಾಡಿಸಿದೆ, ಮಗ್ಗುಲನ್ನೂ ಉಜ್ಜಿಸಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಗುರುತು ಹತ್ತುತ್ತಿರಲಿಲ್ಲ. ನುಡಿಸಿದೆ. ಯಾರೂ ಕರೆಯಲಿಲ್ಲ. "ಉಕ್ಕಿಂದಲ್ಲೋ ಮಾರಾಯ" ಎಂದು ಮೇಷ್ಟ್ರು ನಕ್ಕರು. ನಾನು ನಂಬಲಿಲ್ಲ.

ಎಂಟನೇ ವರ್ಷ ಮೇಷ್ಟ್ರು ತೀರಿಕೊಂಡರು. ಬೆಳಿಗ್ಗೆ ಪೂಜೆಗೆ ಕೂತವರು ಹಾಗೇ ಗೋಡೆಗೆ ಒರಗಿದ್ದರಂತೆ. ನಾನು ಹೋಗುವಷ್ಟರಲ್ಲಿ ಅವರನ್ನು ಹೂವಿನ ವಿಮಾನದಲ್ಲಿ ಕೂರಿಸಿಯಾಗಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂತ ಹಾಗೆಯೇ ಮಣ್ಣು ಮಾಡುತ್ತೇವೆ, ಎಡಗೈಯಲ್ಲಿ ಲಿಂಗವಿಟ್ಟು. ವಿಮಾನ ಎತ್ತುವ ಹೊತ್ತಿಗೆ ಅಮ್ಮ ಜನರ ನಡುವೆ ನನ್ನನ್ನು ಹುಡುಕಿಕೊಂಡು ಬಂದು ಆ ರಾಡನ್ನು ನನ್ನ ಕೈಯಲ್ಲಿಟ್ಟರು.

"ಇದನ್ನ ಅವರ ಜೊತಿಗೇ ಹಾಕು ತಮ್ಮಾ. ಹೆಂಗಸ್ರು ಅಲ್ಲಿಗೆ ಬರೋ ಹಂಗಿಲ್ಲ. ನಿನ್ನ ಕೈಯಾರೆ ಹಾಕು. ಮರೀಬ್ಯಾಡ."

ರುದ್ರಭೂಮಿಯಲ್ಲಿ ಅಯ್ಯನವರು, ಲಿಂಗದ ಜೊತೆ ಬೇರೆ ಏನೂ ಬೇಡ ಎಂದು ಗೊಣಗಿದರು. ಅಮ್ಮನ ಮಾತು ಎಂದೆ, ಸುಮ್ಮನಾದರು. ನನ್ನ ಅಂಗಿಯ ಜೇಬಿನಲ್ಲಿ ಅಮ್ಮ ಕೊಟ್ಟದ್ದರ ಜೊತೆ ನಾನು ಮಾಡಿಸಿದ್ದ ರಾಡೂ ಇತ್ತು, ಯಾವಾಗಲೂ ಇರುತ್ತಿತ್ತು. ಬಿಲ್ವಪತ್ರೆ, ವಿಭೂತಿ ಹಾಕುವವರ ಸಾಲಿನಲ್ಲಿ ನಿಂತೆ. ಗುಣಿಯ ಅಂಚಿಗೆ ಬಂದು ಬಗ್ಗಿದಾಗ ನನ್ನ ಕೈ ಜೇಬಿಗೆ ಹೋಯಿತು. ಹೊರಗೆ ಬಂದದ್ದು ನನ್ನ ರಾಡು. ಅದನ್ನೇ ಅವರ ಎಡಗೈಯ ಪಕ್ಕ ಇಟ್ಟೆ. ಮೇಲಿಂದ ವಿಭೂತಿ ಬಿತ್ತು, ಮಣ್ಣು ಬಿತ್ತು. ಕೈ ತಪ್ಪಿ ಹಾಗಾಯಿತು ಎಂದು ಬರೆಯಬಹುದಿತ್ತು. ಇಲ್ಲ, ಗೊತ್ತಿದ್ದೇ ಮಾಡಿದೆ. ಪಾರ್ಟ್ ಬದಲಿಸಿದೆ.

ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ತಾರಸಿಗೆ ಹೋಗಿ ನುಡಿಸಿದೆ. ಏನೂ ಇಲ್ಲ. ಅದೇ ಗಾಂಧಾರ, ಅದೇ ಪಂಚಮ. ಮೊದಲು ಇಲ್ಲದಿದ್ದ ಒಂದು ಹೆದರಿಕೆ ಮಾತ್ರ ಬಂದು ಸೇರಿಕೊಂಡಿತು. ಆ ರಾಡು ನನ್ನ ಕೈಯಲ್ಲಿ ಎಷ್ಟು ಹೊತ್ತಾದರೂ ಬಿಸಿಯಾಗುತ್ತಿರಲಿಲ್ಲ. ಉಕ್ಕು ಕೈಯ ಕಾವಿಗೆ ಐದು ನಿಮಿಷದಲ್ಲಿ ಬೆಚ್ಚಗಾಗಬೇಕು, ಅದು ನನಗೆ ಗೊತ್ತಿಲ್ಲವೇ? ಇದು ತಣ್ಣಗೇ ಇರುತ್ತಿತ್ತು. ಅಂಗಡಿಯಲ್ಲಿ ಮೆಷಿನ್ ಬಿಚ್ಚುತ್ತಿರುವಾಗ ಮೇಷ್ಟ್ರು ಮಣ್ಣೊಳಗೆ ಬೆನ್ನು ನೆಟ್ಟಗೆ ಮಾಡಿ ಕೂತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಮಲಗಿದ್ದರಾದರೂ ನಿದ್ದೆ ಹೋಗಿದ್ದಾರೆ ಎಂದುಕೊಳ್ಳಬಹುದಿತ್ತು. ಅವರು ಕೂತಿದ್ದಾರೆ. ಎಡಗೈಯ ಬಳಿ ಇರುವುದನ್ನು ತಡವಿ ನೋಡಿ, ಇದು ಯಾರದೋ ಎಂದು ಕೇಳುತ್ತಿದ್ದಾರೆ. ಒಂದು ಮಧ್ಯಾಹ್ನ ಗಿರಾಕಿಯ ಮುಂದೆಯೇ "ನಂದು ಮೇಷ್ಟ್ರೆ" ಅಂದುಬಿಟ್ಟೆ. ಆತ ತನ್ನ ಮೆಷಿನ್ ಎತ್ತಿಕೊಂಡು ಬೇರೆ ಅಂಗಡಿಗೆ ಹೋದ.

ವರ್ಷದ ಪುಣ್ಯತಿಥಿಗೆ ಅಮ್ಮ ಹೇಳಿಕಳಿಸಿದರು, ಬಂದು ನುಡಿಸು ಎಂದು. ಹೊಸ ರಾಡು ಮಾಡಿಸಿಕೊಂಡು ಹೋಗಬಹುದಿತ್ತು. ಮೇಷ್ಟ್ರ ರಾಡನ್ನೇ ಒಯ್ದೆ. ಆ ಮನೆಯಲ್ಲಾದರೂ ಅದು ಬಾಯಿ ಬಿಟ್ಟೀತು ಎನ್ನುವ ದುರಾಸೆ. ಪ್ರಸಾದಕ್ಕೆ ಬಂದವರೆಲ್ಲ ಕೂತಿದ್ದರು. ನುಡಿಸುತ್ತ ನುಡಿಸುತ್ತ ಆ ಎಳೆತಕ್ಕೆ ಬಂದೆ, ಎಳೆದೆ. ಅಮ್ಮ ತಟ್ಟನೆ ಎದ್ದು ಹಿತ್ತಲಿಗೆ ಹೋದರು. ಅಳಲು ಹೋದರು ಎಂದುಕೊಂಡೆ. ತಿರುಗಿ ಬಂದಾಗ ಅಮ್ಮ ಮುಖ ತೊಳೆದುಕೊಂಡಿದ್ದರು. ನಾನು ಹೊರಟಾಗ, "ಅವ್ರ ರಾಡು ಅವರ ಹತ್ರಾನೇ ಐತಲ್ಲ ತಮ್ಮಾ, ಅದೊಂದು ಸಮಾಧಾನ ನೋಡು" ಅಂದರು. ಅದು ನನ್ನ ಜೇಬಿನಲ್ಲಿತ್ತು. ಎರಡನೇ ವರ್ಷವೂ ಹೋದೆ, ಮೂರನೆಯದಕ್ಕೂ, ನಾಲ್ಕನೆಯದಕ್ಕೂ. ಪ್ರತಿ ಸಲ ಅದೇ ಎಳೆತ ಬಂದಾಗ ಅಮ್ಮ ಎದ್ದು ಹೋಗುತ್ತಿದ್ದರು, ಹೊರಡುವಾಗ ಅದೇ ಮಾತು. ನನಗಂತೂ ಒಂದು ಸಲವೂ ಆ ದನಿ ಕೇಳಿಸಲಿಲ್ಲ.

ನಾಲ್ಕನೇ ಪುಣ್ಯತಿಥಿ ಆಗಿ ವಾರಕ್ಕೆ ಮಗಳು ಫೋನ್ ಮಾಡಿದಳು. "ಅಣ್ಣಾ, ಅವ್ವಗೆ ಅಪ್ಪಾಜಿ ಗಿಟಾರ್ ಕೇಳಿಸ್ತೈತಂತೆ. ಒಲಿ ಮ್ಯಾಲೆ ಹಾಲಿಟ್ಟು ಹಿತ್ತಲಕ್ಕೆ ಓಡ್ತಾಳೆ. ಯಾವ್ದಾದ್ರೂ ಒಳ್ಳೆ ಡಾಕ್ಟ್ರು ನೋಡು ಅಲ್ಲಿ."

ದಾವಣಗೆರೆಯಲ್ಲಿ ತಲೆಯ ಡಾಕ್ಟರೊಬ್ಬರ ಹತ್ತಿರ ಚೀಟಿ ಬರೆಸಿದೆ. ಬಸ್ ಸ್ಟಾಂಡಿನಿಂದ ನಾನೇ ಇಬ್ಬರನ್ನೂ ಆಟೋದಲ್ಲಿ ಕರೆದುಕೊಂಡು ಹೋದೆ. ಮಗಳು ಹೆಸರು ಬರೆಸಲು ಕಿಟಕಿಯ ಹತ್ತಿರ ಹೋದಾಗ ಅಮ್ಮ ನನ್ನ ಕಡೆ ವಾಲಿ ಮೆಲ್ಲಗೆ ಮಾತಾಡಿದರು.

"ಅವಳಿಗೆ ಹೇಳಬ್ಯಾಡ. ಮೊದ್ಲು ಕೇಳಿಸೋದು ನೀನು ಬಾರಿಸ್ತಿಯಲ್ಲ, ಆವಾಗ. ನಿನ್ನ ಕೈಯಾಗಿಂದ ಅವ್ರು ಕರೀತಾರೆ. ನನಗೆ ತಡಿಯಾಕೆ ಆಗಲ್ಲ, ಎದ್ದು ಹೋಗ್ತೀನಿ. ಅಲ್ಲಿ ಯಾರೂ ಇರಲ್ಲ. ಆಮ್ಯಾಲೆ ಹದಿನೈದು ದಿನ ಕಿವಿಯಾಗೆ ಅದೇ. ಹೆದರಿಕೆ ಆಗ್ತೈತೆ ತಮ್ಮಾ. ನನಗೆ ಹುಚ್ಚು ಹಿಡೀತೇನು?"

ನನಗೆ ಮೊದಲು ಆದದ್ದು ಸಂತೋಷ. ಥೂ, ನನ್ನ ಜನ್ಮಕ್ಕಿಷ್ಟು! ಪಕ್ಕದಲ್ಲಿ ಒಬ್ಬ ಹಿರಿಯ ಜೀವ ಹೆದರಿ ಸೆರಗಿನ ತುದಿ ಹಿಂಡುತ್ತಿದೆ, ನಾನು ಒಳಗೊಳಗೆ, ಬಂತು, ಹನ್ನೆರಡು ವರ್ಷಕ್ಕೆ ಬಂತು ಎಂದು ಕುಣಿಯುತ್ತಿದ್ದೇನೆ. ಆಮೇಲೆ ಹೊಳೆಯಿತು. ಈಕೆಗೆ ಹುಚ್ಚಿಲ್ಲ. ಕೇಳಿಸಿದ್ದು ನಿಜವಾದದ್ದೇ, ಮೇಷ್ಟ್ರ ರಾಡಿನದೇ. ಒಂದು ಮಾತು ಹೇಳಿದರೆ ಸಾಕು, ಎದ್ದು ಮನೆಗೆ ಹೋಗಬಹುದು. ಹೇಳಿದರೆ, ಅವರ ಗಂಡನ ಸಮಾಧಿಯಲ್ಲಿ ಕಳ್ಳತನ ಮಾಡಿದವನು ನಾನು ಎಂದೂ ಹೇಳಬೇಕು. ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅಮ್ಮ ಎದ್ದು ಹೋದರು, ನಾನು ಬಾಯಿ ಮುಚ್ಚಿದೆ. ಕರೆ ಬರದಿದ್ದರೂ ಹೇಳುತ್ತಿರಲಿಲ್ಲವೇನೋ.

ಗುಳಿಗೆ ಬರೆದುಕೊಟ್ಟರು, ಬೆಳಿಗ್ಗೆ ಒಂದು, ಮಲಗುವಾಗ ಒಂದು. ಡಾಕ್ಟರ ತಪ್ಪೇನಿಲ್ಲ, ಸತ್ತ ಗಂಡ ಕರೆಯುತ್ತಾನೆ ಎಂದರೆ ಅವರಾದರೂ ಏನು ಮಾಡಿಯಾರು. ಗುಳಿಗೆಯಿಂದ ಯಾರೂ ಸಾಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಮ್ಮನಿಗೆ ಫೋನ್ ಮಾಡುವುದನ್ನು ಬಿಟ್ಟೆ. ಭಾನುವಾರ ಹರಿಹರದ ಬಸ್ಸು ಅಂಗಡಿಯ ಮುಂದೆ ಹೋದರೆ ತಲೆ ತಗ್ಗಿಸಿಕೊಂಡು ಕೂರುತ್ತಿದ್ದೆ.

ಐದನೇ ಪುಣ್ಯತಿಥಿಗೆ ಇನ್ನೂ ಒಂದು ತಿಂಗಳಿರುವಾಗ ಮಗಳು ಮತ್ತೆ ಫೋನ್ ಮಾಡಿ, "ಅವ್ವನ ಮೆಷಿನ್ ಮಾರಿಬಿಡಾಣ ಅಂತ ಮಾಡೀವಿ. ಒಂದ್ಸಲ ಬಂದು ನೋಡಿ ಹೇಳಣ್ಣ" ಅಂದಳು. ಹೋದೆ. ಮೆಷಿನ್ ಮೇಲೆ ಬೆಡ್‌ಶೀಟ್ ಹೊದಿಸಿತ್ತು. ತೆಗೆದು ಚಕ್ರ ತಿರುಗಿಸಿದೆ, ಎಣ್ಣೆ ಒಣಗಿ ಬಿಗಿಯಾಗಿತ್ತು. ಅಮ್ಮ ಕುರ್ಚಿಯಲ್ಲಿ ಕೂತಿದ್ದರು. ಮೈ ಊದಿತ್ತು, ಕೈ ಬೆರಳು ನಡುಗುತ್ತಿದ್ದವು. ಗುಳಿಗೆ ಶುರುವಾದ ಮೇಲೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲವಂತೆ. ಒಮ್ಮೆ ಸೂಜಿ ಉಗುರಿನೊಳಗೇ ಇಳಿದಿತ್ತಂತೆ. ಇಪ್ಪತ್ತೈದು ವರ್ಷದಿಂದ ಕೆಟ್ಟ ಮೆಷಿನ್ ರಿಪೇರಿ ಮಾಡಿದವನು ನಾನು. ಚೆನ್ನಾಗಿದ್ದ ಮೆಷಿನ್ನನ್ನು, ಅದನ್ನು ತುಳಿಯುವವರನ್ನೂ ಸೇರಿಸಿ, ನಿಲ್ಲಿಸಿ ಕೂರಿಸಿದವನೂ ನಾನೇ. ಅಳು ಬಂತು. ಮಗಳು ಗಾಬರಿಯಾಗಿ ನೀರು ತರಲು ಹೋದಳು. ಜೇಬಿನಿಂದ ರಾಡು ತೆಗೆದು ಅಮ್ಮನ ತೊಡೆಯ ಮೇಲಿಟ್ಟೆ.

"ಇದು ಮೇಷ್ಟ್ರುದು ಅಮ್ಮಾ. ಅವತ್ತು ನಾನು ಹಾಕ್ಲಿಲ್ಲ. ನಂದು ಹಾಕಿದೆ. ಐದು ವರ್ಷದಿಂದ ಇದ್ರಾಗೇ ಬಾರಿಸ್ತಿದ್ದೀನಿ. ನಿಮಗೆ ಕೇಳಿಸಿದ್ದು ಇದರ ಸದ್ದು. ನಿಮಗೆ ಹುಚ್ಚಿಲ್ಲ."

ಅಮ್ಮ ರಾಡು ಎತ್ತಿ ಸವೆದ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿದರು. ಬೈಯುತ್ತಾರೆ ಎಂದು ಕಾದೆ. ಬಾಗಿಲಿಗೆ ಅಡ್ಡ ಬಂದು ನಿಂತ ಮಗಳ ಮುಖ ಕೆಂಪಾಗಿತ್ತು, ಅವಳು ಬೈದಳು, ಸರಿಯಾಗಿಯೇ ಬೈದಳು. ನೀನು ಮನುಷ್ಯನಾ, ನಮ್ಮವ್ವನ್ನ ಹುಚ್ಚಿ ಮಾಡಿದಿಯಲ್ಲೋ ಎಂದಳು. ಇಷ್ಟು ವರ್ಷ ಅಣ್ಣ ಎಂದ ಬಾಯಲ್ಲಿ 'ಲೋ' ಎನ್ನುವುದನ್ನು ಕೇಳಿಸಿಕೊಂಡು ತಲೆ ತಗ್ಗಿಸಿ ಕೂತಿದ್ದೆ. ಅಮ್ಮ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದರು.

"ಬಾರಿಸು ಒಂದ್ಸಲ" ಅಂದರು.

ನನ್ನ ಗಿಟಾರು ದಾವಣಗೆರೆಯಲ್ಲಿತ್ತು. ಮಗಳು ಗೂಡಿನಿಂದ ಮೇಷ್ಟ್ರದ್ದನ್ನೇ ತಂದು ಧೂಳು ಒರೆಸದೆ ನನ್ನ ಮುಂದಿಟ್ಟಳು. ತಂತಿಗೆ ತುಕ್ಕು ಹತ್ತಿತ್ತು. ಶ್ರುತಿ ಮಾಡಿಕೊಂಡು, ತಗಡಿನ ಉಗುರಿಲ್ಲದೆ ಬರಿಬೆರಳಲ್ಲೇ ಮೀಟಿದೆ. ಗಾಂಧಾರದ ಮೇಲೆ ನಿಂತು, ಅವರು ತಡೆಯುವಷ್ಟೇ ತಡೆದು, ಪಂಚಮಕ್ಕೆ ಎಳೆದೆ. ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾಗಿ ಎಂದೂ ಎಳೆದಿರಲಿಲ್ಲ, ಅವತ್ತು ನನಗೇ ಗೊತ್ತಾಯಿತು. ಅಮ್ಮ ನನ್ನ ಎಡಗೈಯನ್ನೇ ನೋಡುತ್ತಿದ್ದರು. ಇನ್ನೊಂದು ಸಲ ಅಂದರು, ಎಳೆದೆ. ಮತ್ತೊಂದು ಸಲ ಅಂದರು. ಕುರ್ಚಿಯ ಕೈ ಹಿಡಿದುಕೊಂಡು ತುಸು ಮುಂದೆ ಬಗ್ಗಿದರು, ಕಿವಿ ಕೊಟ್ಟರು, ಹಿಂದಕ್ಕೆ ಒರಗಿದರು.

"ಚಲೋ ಬಾರಿಸ್ತಿ ತಮ್ಮಾ. ಭಾಳ ಚಲೋ" ಅಂದರು. ಮಗಳ ಕಡೆ ತಿರುಗಿ, ಗುಳಿಗೆ ಇನ್ನು ಬೇಡ, ಅಣ್ಣಗೆ ಊಟಕ್ಕೆ ಹಾಕು ಎಂದರು. ರಾಡನ್ನು ನನಗೇ ವಾಪಸ್ಸು ಕೊಟ್ಟರು. ನಾನು ಬೇಡವೆಂದು ಕೈ ಹಿಂದಕ್ಕೆ ಎಳೆದುಕೊಂಡೆ. "ಇಟ್ಕೋ, ಇನ್ನೇನು ಐತೆ ಅದ್ರಾಗೆ" ಎಂದು ಗಿಟಾರಿನ ಮೇಲಿಟ್ಟು, ಹಿತ್ತಲ ಬಾಗಿಲ ಕಡೆ ನೋಡುತ್ತ ಕೂತರು. ಬಾಗಿಲು ತೆರೆದೇ ಇತ್ತು, ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ನನಗೋ ತಮಗೋ ಹೇಳಿಕೊಂಡ ಹಾಗೆ ಅಂದರು:

"ಹಂಗಾರೆ ಇಷ್ಟು ವರ್ಷದಾಗೆ ಅವ್ರು ಒಂದ್ಸಲಾನೂ ಬಂದಿಲ್ಲ."